ಮನೆಯಲ್ಲಿ ಹೊಲಿದ ಸ್ಕ್ರಬ್ಸ್: ಬಟ್ಟೆಯ ಆಯ್ಕೆಯಿಂದ ಕಟಿಂಗ್‌ವರೆಗೆ

ಸ್ಕ್ರಬ್ಸ್ ಎಂದರೆ ಆಸ್ಪತ್ರೆಯಲ್ಲಿ ವೈದ್ಯರು, ನರ್ಸ್‌ಗಳು ತೊಡುವ ಸಮವಸ್ತ್ರ: ವಿ ಕುತ್ತಿಗೆಯ, ಗಿಡ್ಡ ತೋಳಿನ ಒಂದು ಸಡಿಲ ಅಂಗಿ ಮತ್ತು ಲಾಡಿ ಕಟ್ಟುವ ಒಂದು ಪ್ಯಾಂಟು. ಕಾಲರ್ ಇಲ್ಲ, ಗುಂಡಿ ಇಲ್ಲ, ಜಿಪ್ ಇಲ್ಲ; ಚೂಡಿದಾರ್ ಹೊಲಿಯಲು ಬಲ್ಲವರು ಯಾರು ಬೇಕಾದರೂ ಇದನ್ನು ಹೊಲಿಯಬಹುದು. ಆದರೆ ಮನೆಯಲ್ಲಿ ತೊಡುವ ಬಟ್ಟೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಇದು ಪ್ರತಿ ಡ್ಯೂಟಿಯ ನಂತರ ಬಿಸಿನೀರಿಗೆ ಬೀಳುತ್ತದೆ, ಆಗಾಗ ಬ್ಲೀಚ್ ತಗಲುತ್ತದೆ, ಮತ್ತು ತೊಟ್ಟವರು ಅದರಲ್ಲಿ ಬಗ್ಗುತ್ತಾರೆ, ಕುಕ್ಕರಗಾಲಲ್ಲಿ ಕೂರುತ್ತಾರೆ, ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಡ್ರಿಪ್ ಬಾಟಲಿ ನೇತುಹಾಕುತ್ತಾರೆ. ಒಗೆತದಲ್ಲಿ ಬಟ್ಟೆ ಎಷ್ಟು ಕುಗ್ಗುತ್ತದೆ, ಮೈಮೇಲೆ ಎಷ್ಟು ಜಗ್ಗುತ್ತದೆ ಎಂಬುದು ಗೊತ್ತಾಗದೆ ಕಾಗದದ ಮೇಲೆ ಗೆರೆ ಎಳೆಯಲು ಆಗುವುದಿಲ್ಲ. ಆದ್ದರಿಂದ ಬಟ್ಟೆ ಮತ್ತು ಕಟಿಂಗ್ ಎರಡನ್ನೂ ಒಟ್ಟಿಗೇ ತೀರ್ಮಾನಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ, ಮತ್ತು ಈ ಬರಹದಲ್ಲಿ ಆ ತೀರ್ಮಾನಗಳನ್ನೇ ಕ್ರಮವಾಗಿ ದಾಖಲಿಸಿದ್ದೇನೆ.

ನನ್ನ ಮಗಳು ದಾವಣಗೆರೆಯಲ್ಲಿ ಹೌಸ್ ಸರ್ಜನ್. ಅಂಗಡಿಯಲ್ಲಿ ಸಿಗುವ ಸಿದ್ಧ ಸ್ಕ್ರಬ್ಸ್‌ಗಳಲ್ಲಿ ಎದೆಗೆ ಸರಿಹೋಗುವುದು ಸೀಟಿಗೆ, ಅಂದರೆ ಪೃಷ್ಠದ ಸುತ್ತಿಗೆ, ಬಿಗಿಯಾಗುತ್ತಿತ್ತು, ಸೀಟಿಗೆ ಸರಿಹೋಗುವುದರ ಭುಜ ತೋಳಿನ ಮೇಲೆ ಜಾರುತ್ತಿತ್ತು. ಗಂಡಸರಿಗೂ ಹೆಂಗಸರಿಗೂ ಒಂದೇ ಅಳತೆಯೆಂದು ಮಾರುವ ಉಡುಪಿನಲ್ಲಿ ಇದು ಸಹಜ. ಹಾಗಾಗಿ ಅವಳ ಅಳತೆಗೇ ಹೊಲಿಯಲು ಹೊರಟೆ. ಒಂದು ವಿಷಯವನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ: ಇದು ವಾರ್ಡಿನಲ್ಲಿ, ಹೊರರೋಗಿ ವಿಭಾಗದಲ್ಲಿ ತೊಡುವ ಸಮವಸ್ತ್ರ ಮಾತ್ರ. ಶಸ್ತ್ರಚಿಕಿತ್ಸೆಯ ವೇಳೆ ಮೇಲೆ ತೊಡುವ ಸ್ಟೆರೈಲ್ ಗೌನಿನ ಕೆಲಸವನ್ನು ಮನೆಯಲ್ಲಿ ಹೊಲಿದ ಯಾವ ಬಟ್ಟೆಯೂ ಮಾಡಲಾರದು. ದ್ರವವನ್ನು ತಡೆಯುವ ಗುಣ ಈ ನೇಯ್ಗೆಗಳಿಗೆ ಇಲ್ಲ.

ಬಟ್ಟೆಯಂಗಡಿಯಲ್ಲಿ ನನ್ನ ಮುಂದೆ ಮುಖ್ಯವಾಗಿ ನಾಲ್ಕು ಬಗೆಗಳಿದ್ದವು: ಸಾದಾ ನೇಯ್ಗೆಯ ಶುದ್ಧ ಕಾಟನ್ ಪಾಪ್ಲಿನ್, ಓರೆಗೆರೆಯ ನೇಯ್ಗೆಯ ಕಾಟನ್ ಟ್ವಿಲ್, ಅಂಗಡಿಯವರು ಟಿ.ಸಿ. ಎಂದು ಕರೆಯುವ ಪಾಲಿಯೆಸ್ಟರ್-ಕಾಟನ್ ಮಿಶ್ರಣ, ಮತ್ತು ದುಬಾರಿ ಬ್ರಾಂಡ್‌ಗಳವರು ಬಳಸುವ, ಸ್ವಲ್ಪ ಲೈಕ್ರಾ ಸೇರಿಸಿದ ಹಿಗ್ಗುವ ಬಟ್ಟೆ. ಕೊನೆಯದನ್ನು ಆರಂಭದಲ್ಲೇ ಬಿಟ್ಟೆ. ಅದು ತೊಡಲು ಹಿತವೇ ಹೌದು, ಆದರೆ ಲೈಕ್ರಾ ಎಳೆಗೆ ಕ್ಲೋರಿನ್ ಬ್ಲೀಚ್ ಆಗಿಬರುವುದಿಲ್ಲ, ಹೆಚ್ಚು ಬಿಸಿಯೂ ಆಗಿಬರುವುದಿಲ್ಲ. ಕಾಲಕ್ರಮದಲ್ಲಿ ಮೊಣಕಾಲಿನ ಬಳಿ ಹಿಗ್ಗಿದ್ದು ಹಿಗ್ಗಿದಂತೆಯೇ ಉಳಿಯುತ್ತದೆ. ಒಗೆತವೇ ಮುಖ್ಯವಾದ ಉಡುಪಿಗೆ ಒಗೆತಕ್ಕೆ ಹೆದರುವ ಎಳೆಯನ್ನು ನಾನು ಆರಿಸಲಾರೆ.

ಉಳಿದವುಗಳಲ್ಲಿ ಹತ್ತಿಯ ಪರ ವಾದ ಬಲವಾದದ್ದು. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು 8.5 ಶೇಕಡಾದಷ್ಟು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಹಿಡಿದುಕೊಳ್ಳುವುದು 0.4 ಶೇಕಡಾ ಮಾತ್ರ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ, ಫ್ಯಾನಿನ ಗಾಳಿಯೇ ಗತಿಯಾದ ವಾರ್ಡಿನಲ್ಲಿ ಈ ಅಂತರ ಬೆನ್ನಿಗೆ ಗೊತ್ತಾಗುತ್ತದೆ. ಆದರೆ ಇದೇ ಗುಣದಿಂದ ಹತ್ತಿ ಮಳೆಗಾಲದಲ್ಲಿ ಒಣಗುವುದು ನಿಧಾನ. ಇದ್ದ ಎರಡು ಜೊತೆಯನ್ನೇ ಒಗೆದು ತೊಡುವವರಿಗೆ ಒಣಗದ ಬಟ್ಟೆ ಇದ್ದೂ ಇಲ್ಲದಂತೆ. ಅಲ್ಲದೆ ಹತ್ತಿ ಸುಕ್ಕುಗಟ್ಟುತ್ತದೆ, ಬಣ್ಣ ಬೇಗ ಮಾಸುತ್ತದೆ, ಹಾಸಿನ ದಿಕ್ಕಿನಲ್ಲಿ, ಅಂದರೆ ಉದ್ದಕ್ಕೆ, ಕುಗ್ಗುತ್ತದೆ.

ಕುಗ್ಗುವುದನ್ನು ಊಹೆಗೆ ಬಿಡದೆ ಅಳೆದು ನೋಡಿದೆ. ಪ್ರತಿಯೊಂದು ಬಟ್ಟೆಯಲ್ಲೂ ಅರ್ಧ ಮೀಟರ್ ತಂದು, ದಡಿಗೆ ಸಮನಾಗಿ 10 ಇಂಚಿನ ಒಂದು ಚೌಕವನ್ನು ಬಣ್ಣದ ದಾರದಿಂದ ಕೈಹೊಲಿಗೆಯಲ್ಲಿ ಗುರುತಿಸಿ, ಬಿಸಿನೀರಿನಲ್ಲಿ ಒಗೆದು, ಬಿಸಿಲಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಮತ್ತೆ ಟೇಪು ಹಿಡಿದೆ. ಚಾಕ್ ಗುರುತು ಒಗೆತದಲ್ಲಿ ಅಳಿಸಿಹೋಗುವುದರಿಂದ ದಾರವೇ ಬೇಕು. ಕಾಟನ್ ಪಾಪ್ಲಿನ್ ಹಾಸಿನ ದಿಕ್ಕಿನಲ್ಲಿ ಸುಮಾರು ಅರ್ಧ ಇಂಚು, ಹೊಕ್ಕಿನ ದಿಕ್ಕಿನಲ್ಲಿ, ಅಂದರೆ ಅಗಲಕ್ಕೆ, ಕಾಲು ಇಂಚು ಕುಗ್ಗಿತ್ತು. ಹತ್ತಕ್ಕೆ ಅರ್ಧ ಇಂಚು ಎಂದರೆ 27 ಇಂಚು ಉದ್ದದ ಅಂಗಿ ಒಂದೂ ಕಾಲು ಇಂಚಿಗಿಂತ ಹೆಚ್ಚು ಗಿಡ್ಡವಾಗುತ್ತದೆ, 38 ಇಂಚಿನ ಪ್ಯಾಂಟು ಸುಮಾರು ಎರಡು ಇಂಚು ಮೇಲೇರುತ್ತದೆ. ಟಿ.ಸಿ. ಚೌಕದಲ್ಲಿ ಟೇಪಿಗೆ ಸಿಗುವಷ್ಟು ವ್ಯತ್ಯಾಸವೇ ಇರಲಿಲ್ಲ.

ಇಲ್ಲಿ ಬಿಸಿನೀರು ಎಂದಾಗ ನನ್ನ ಮನಸ್ಸಿನಲ್ಲಿದ್ದ ಅಳತೆ 60 ಡಿಗ್ರಿ ಸೆಲ್ಸಿಯಸ್. ಬ್ರಿಟನ್ನಿನ ಆಸ್ಪತ್ರೆ ಸಿಬ್ಬಂದಿಯ ಸಮವಸ್ತ್ರಕ್ಕೆ ಅಲ್ಲಿನ ಆರೋಗ್ಯ ಇಲಾಖೆ ನೀಡಿರುವ ಮಾರ್ಗಸೂಚಿ, ಹೆಚ್ಚಿನ ಸೂಕ್ಷ್ಮಜೀವಿಗಳನ್ನು ತೊಲಗಿಸಲು ಆ ಉಷ್ಣತೆಯಲ್ಲಿ 10 ನಿಮಿಷಗಳ ಒಗೆತ ಸಾಕೆನ್ನುತ್ತದೆ. ಮನೆಯ ವಾಷಿಂಗ್ ಮಷಿನ್ನಿನಲ್ಲಿ ಆ ಆಯ್ಕೆ ಇದ್ದರೆ ಅದನ್ನೇ ಬಳಸುವುದು ಒಳ್ಳೆಯದು, ಹಾಗೂ ಸ್ಕ್ರಬ್ಸನ್ನು ಮನೆಮಂದಿಯ ಬಟ್ಟೆಗಳ ಜೊತೆ ಸೇರಿಸದೆ ಪ್ರತ್ಯೇಕವಾಗಿ ಒಗೆಯಬೇಕು.

ಬಟ್ಟೆಯಲ್ಲಿ ಮಿಶ್ರಣವಿದೆಯೇ ಎಂದು ತಿಳಿಯಲು ಅಂಗಡಿಯವರ ಮಾತಿನ ಜೊತೆಗೆ ಬೆಂಕಿಯ ಪರೀಕ್ಷೆಯನ್ನೂ ಮಾಡಿದೆ. ಅಂಚಿನಿಂದ ನಾಲ್ಕಾರು ಎಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ ಕಡ್ಡಿ ಗೀರಿ ಸುಟ್ಟು ನೋಡಬೇಕು. ಹತ್ತಿಯ ಎಳೆ ಕಾಗದದ ವಾಸನೆಯೊಂದಿಗೆ ಉರಿದು ಬೆರಳಲ್ಲಿ ಪುಡಿಯಾಗುವ ಬೂದು ಬಣ್ಣದ ಬೂದಿಯನ್ನು ಬಿಡುತ್ತದೆ; ಪಾಲಿಯೆಸ್ಟರ್ ಜ್ವಾಲೆಯಿಂದ ಹಿಂದಕ್ಕೆ ಮುದುಡಿ, ಕರಗಿ, ಕಪ್ಪು ಗಟ್ಟಿ ಮಣಿಯಾಗುತ್ತದೆ; ಮಿಶ್ರಣದಲ್ಲಿ ಉರಿಯೂ ಮಣಿಯೂ ಎರಡೂ ಕಾಣುತ್ತವೆ. ಶೇಕಡಾ ಎಷ್ಟೆಂದು ಇದರಿಂದ ತಿಳಿಯದು. ಆದರೆ ಶುದ್ಧ ಕಾಟನ್ ಎಂದು ಕೊಟ್ಟ ಬಟ್ಟೆಯಲ್ಲಿ ಪಾಲಿಯೆಸ್ಟರ್ ಬೆರೆತಿದೆಯೇ ಎಂಬುದು ಗೊತ್ತಾಗುತ್ತದೆ.

ಬ್ಲೀಚ್ ಪರೀಕ್ಷೆ ಇದಕ್ಕಿಂತಲೂ ಮುಖ್ಯವಾದದ್ದು. ನಮ್ಮ ಆಸ್ಪತ್ರೆಗಳಲ್ಲಿ ರಕ್ತ ಚೆಲ್ಲಿದ ಜಾಗಕ್ಕೆ 1 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಬಳಸುವುದು ರೂಢಿ, ಮತ್ತು ಅದರ ಹನಿಗಳು ಪ್ಯಾಂಟಿನ ಕೆಳತುದಿಗೆ ಸಿಡಿಯುವುದು ನಿತ್ಯದ ಸಂಗತಿ. ಪ್ರತಿ ತುಂಡಿನ ಮೇಲೂ ಅದರ ಕೆಲವು ಹನಿ ಹಾಕಿ ಸ್ವಲ್ಪ ಹೊತ್ತು ಬಿಟ್ಟು ತೊಳೆದೆ. ಕಡುನೀಲಿ ಕಾಟನ್ನಿನ ಮೇಲೆ ಹನಿ ಬಿದ್ದಲ್ಲೆಲ್ಲ ನಸುಗೆಂಪು ಬಣ್ಣದ, ಅಂಚು ಸ್ಪಷ್ಟವಾಗಿರುವ ಚುಕ್ಕೆಗಳು ಮೂಡಿದವು. ಬಾಟಲ್ ಗ್ರೀನ್ ಟಿ.ಸಿ.ಯಲ್ಲಿ ಹನಿಯ ಜಾಗ ಮಸುಕಾದರೂ ಹಸಿರಾಗಿಯೇ ಉಳಿಯಿತು. ಇದಕ್ಕೆ ಕಾರಣವಿದೆ: ಈ ಮಿಶ್ರಣದಲ್ಲಿ ಹತ್ತಿಗೂ ಪಾಲಿಯೆಸ್ಟರಿಗೂ ಬೇರೆ ಬೇರೆ ಬಗೆಯ ಬಣ್ಣ ಹಾಕಿರುತ್ತಾರೆ, ಬ್ಲೀಚ್ ಹತ್ತಿಯ ಬಣ್ಣವನ್ನು ಕಿತ್ತುಹಾಕಿದರೂ ಪಾಲಿಯೆಸ್ಟರಿನ ಒಳಗೆ ಇಳಿದ ಬಣ್ಣಕ್ಕೆ ಹೆಚ್ಚು ಹಾನಿ ಮಾಡುವುದಿಲ್ಲ. ಹತ್ತಿಯೇ ಬೇಕೆನ್ನುವವರು ವ್ಯಾಟ್ ಡೈ ಎಂಬ ಬಗೆಯ ಬಣ್ಣ ಹಾಕಿದ ಬಟ್ಟೆಯನ್ನು ಕೇಳಿ ಪಡೆಯಬೇಕು, ಅದು ಕ್ಲೋರಿನ್ನಿಗೆ ಚೆನ್ನಾಗಿ ತಡೆಯುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ 65 ಶೇಕಡಾ ಪಾಲಿಯೆಸ್ಟರ್, 35 ಶೇಕಡಾ ಹತ್ತಿಯ, ಚದರ ಮೀಟರಿಗೆ ಸುಮಾರು 150 ಗ್ರಾಂ ತೂಗುವ ಟ್ವಿಲ್ ಬಟ್ಟೆಯನ್ನು ಆರಿಸಿದೆ. 110 ಗ್ರಾಮಿನ ಪಾಪ್ಲಿನ್ ಇದಕ್ಕಿಂತ ತಂಪು, ಆದರೆ ಕಿಟಕಿಗೆ ಬೆನ್ನು ಮಾಡಿ ನಿಂತಾಗ ತಿಳಿಬಣ್ಣದಲ್ಲಿ ಒಳಉಡುಪಿನ ಗೆರೆ ಕಾಣುತ್ತದೆ, ಮತ್ತು ಜೇಬಿನಲ್ಲಿ ಫೋನು, ಪುಸ್ತಕ ಇಟ್ಟರೆ ಬಟ್ಟೆ ಜೋತುಬೀಳುತ್ತದೆ. 200 ಗ್ರಾಂ ದಾಟಿದ ಡ್ರಿಲ್ ಎಂಬ ದಪ್ಪ ಟ್ವಿಲ್ ನಮ್ಮ ಹವೆಗೆ ಬಹಳ ಭಾರ. ಅಂಗಡಿಯಲ್ಲಿ ತೂಕದ ಮಾಹಿತಿ ಇಲ್ಲದಿದ್ದರೆ, 10 ಸೆಂಟಿಮೀಟರ್ ಚೌಕದ ತುಂಡನ್ನು ಚಿನ್ನ ತೂಗುವ ತಕ್ಕಡಿಯಲ್ಲಿಟ್ಟು ಬಂದ ಗ್ರಾಮನ್ನು ನೂರರಿಂದ ಗುಣಿಸಿದರೆ ಉತ್ತರ ಸಿಗುತ್ತದೆ. ಸೆಕೆಯ ಸಮಸ್ಯೆಯನ್ನು ಬಟ್ಟೆಯಿಂದ ಬಿಡಿಸಲಾಗದ್ದರಿಂದ ಕಟಿಂಗ್‌ನಿಂದ ಬಿಡಿಸಲು ನಿರ್ಧರಿಸಿದೆ. ಹೆಚ್ಚಿನ ಸಡಿಲ ಕೊಟ್ಟು ಗಾಳಿಯಾಡುವಂತೆ ಮಾಡಿದೆ.

ಬಣ್ಣದ ಬಗ್ಗೆ ಒಂದೆರಡು ಮಾತು. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಮೊದಲು ಬಿಳಿಯೇ ಇತ್ತು. ಸ್ಯಾನ್ ಫ್ರಾನ್ಸಿಸ್ಕೋದ ಶಸ್ತ್ರವೈದ್ಯ ಹ್ಯಾರಿ ಶರ್ಮನ್ 1914ರಲ್ಲಿ ಪಾಲಕ್ ಸೊಪ್ಪಿನ ಹಸಿರನ್ನು ಬಳಕೆಗೆ ತಂದರು, ಏಕೆಂದರೆ ದೀಪದ ಬೆಳಕಿನಲ್ಲಿ ಬಿಳಿ ಕಣ್ಣು ಕುಕ್ಕುತ್ತಿತ್ತು. ರಕ್ತದ ಕೆಂಪನ್ನೇ ಬಹಳ ಹೊತ್ತು ನೋಡಿ ಬಿಳಿಯ ಕಡೆ ತಿರುಗಿದರೆ ಹಸಿರು ಛಾಯೆಯೊಂದು ಕಣ್ಣಮುಂದೆ ತೇಲುತ್ತದೆ, ಹಿನ್ನೆಲೆಯೇ ಹಸಿರಾಗಿದ್ದರೆ ಅದು ಕಾಡುವುದಿಲ್ಲ. ವಾರ್ಡಿನ ಉಡುಪಿಗೆ ಈ ಕಾರಣ ಅಷ್ಟಾಗಿ ಅನ್ವಯಿಸದು. ಮಗಳ ವಿಭಾಗದಲ್ಲಿ ಒಪ್ಪಿದ ಬಣ್ಣಗಳಲ್ಲಿ ಬಾಟಲ್ ಗ್ರೀನ್ ಇತ್ತು, ಬ್ಲೀಚ್ ಪರೀಕ್ಷೆಯಲ್ಲಿಯೂ ಅದೇ ಗೆದ್ದಿತು.

ಇನ್ನು ಕಾಗದದ ಕೆಲಸ. ಸಿಂಪ್ಲಿಸಿಟಿಯಂತಹ ವಿದೇಶಿ ಕಂಪನಿಗಳು ಸ್ಕ್ರಬ್ಸ್‌ಗೆ ಸಿದ್ಧ ಪ್ಯಾಟರ್ನ್, ಅಂದರೆ ಕತ್ತರಿಸಲು ಬೇಕಾದ ಕಾಗದದ ನಕ್ಷೆ, ಮಾರುತ್ತವೆ, ಇಳಿಸಿಕೊಂಡು ಮುದ್ರಿಸುವಂತಹವೂ ಸಿಗುತ್ತವೆ. ಅಂಥವನ್ನು ಬಳಸುವವರು ಒಂದು ಎಚ್ಚರ ವಹಿಸಬೇಕು: ಅಮೆರಿಕದ ಲೆಟರ್ ಕಾಗದಕ್ಕೆ ಮಾಡಿದ ಪುಟವನ್ನು ನಮ್ಮ ಎ4 ಹಾಳೆಗೆ ಹೊಂದಿಸಿ ಮುದ್ರಿಸಿದರೆ ಇಡೀ ಪ್ಯಾಟರ್ನ್ ಸದ್ದಿಲ್ಲದೆ ಚಿಕ್ಕದಾಗುತ್ತದೆ. ಮೊದಲ ಪುಟದಲ್ಲಿರುವ ಅಳತೆಯ ಚೌಕಕ್ಕೆ ಸ್ಕೇಲು ಹಿಡಿದು ನೋಡಿಯೇ ಮುಂದುವರಿಯಬೇಕು. ನಾನು ಕಂದು ಕಾಗದದ ಮೇಲೆ ಅಳತೆಯಿಂದಲೇ ಬರೆದುಕೊಂಡೆ. ಮಗಳ ಎದೆಸುತ್ತು 36 ಇಂಚು, ಸೀಟು 38 ಇಂಚು. ಎದೆಗೆ 6 ಇಂಚು ಸಡಿಲ ಸೇರಿಸಿ 42, ಅದರ ನಾಲ್ಕನೇ ಒಂದು ಭಾಗ ಹತ್ತೂವರೆ. ಅಂಗಿಯ ಉದ್ದ 27 ಇಂಚು, ಬದಿಗಳಲ್ಲಿ ಮೂರೂವರೆ ಇಂಚಿನ ಸ್ಲಿಟ್.

ತೋಳಿನ ವಿಷಯದಲ್ಲಿ ಹೊಲಿಗೆಯವರಲ್ಲಿ ಸಾಮಾನ್ಯವಾಗಿರುವ ಒಂದು ನಂಬಿಕೆಯನ್ನು ಇಲ್ಲಿ ಬದಿಗಿಡಬೇಕು. ಕೈ ಸರಾಗವಾಗಿ ಆಡಲೆಂದು ತೋಳು ಜೋಡಿಸುವ ತೆರಪನ್ನು, ಅಂದರೆ ಆರ್ಮ್‌ಹೋಲನ್ನು ಆಳವಾಗಿ ಇಳಿಸುವುದು ರೂಢಿ, ಆದರೆ ಪರಿಣಾಮ ಅದಕ್ಕೆ ತದ್ವಿರುದ್ಧ. ಆರ್ಮ್‌ಹೋಲ್ ಕೆಳಗಿಳಿದಷ್ಟೂ ಕೈಯೆತ್ತಿದಾಗ ತೋಳು ಅಂಗಿಯ ಇಡೀ ಬದಿಯನ್ನು ತನ್ನೊಂದಿಗೆ ಮೇಲೆಳೆಯುತ್ತದೆ, ಸೊಂಟ ಕಾಣಿಸುತ್ತದೆ. ಆರ್ಮ್‌ಹೋಲ್ ಕಂಕುಳಿಗೆ ಹತ್ತಿರವಿದ್ದು, ತೋಳಿನ ಮೇಲಿನ ಬಾಗು, ಅಂದರೆ ಟೈಲರ್‌ಗಳು ಕ್ಯಾಪ್ ಎನ್ನುವ ಭಾಗ, ತಗ್ಗಾಗಿದ್ದರೆ ಕೈ ಮೇಲೇರುತ್ತದೆ, ಅಂಗಿ ಇದ್ದಲ್ಲೇ ಇರುತ್ತದೆ. ಹಾಗಾಗಿ ಆರ್ಮ್‌ಹೋಲ್ ಆಳವನ್ನು ಎಂಟೂವರೆ ಇಂಚಿಗೆ ನಿಲ್ಲಿಸಿ, ಕ್ಯಾಪ್ ಎತ್ತರವನ್ನು ಐದರ ಬದಲು ಮೂರೂವರೆ ಇಂಚಿಗೆ ಇಳಿಸಿದೆ. ಅದರಿಂದ ತೋಳಿನ ಅಗಲ ಸುಮಾರು ಒಂದೂವರೆ ಇಂಚು ಹೆಚ್ಚುತ್ತದೆ. ಕೈ ಕೆಳಗಿದ್ದಾಗ ಕಂಕುಳ ಬಳಿ ಒಂದೆರಡು ನೆರಿಗೆ ಬೀಳುತ್ತವೆ. ಕೆಲಸದ ಉಡುಪಿನಲ್ಲಿ ಆ ನೆರಿಗೆಯನ್ನು ನಾನು ಧಾರಾಳವಾಗಿ ಒಪ್ಪುತ್ತೇನೆ.

ಇದನ್ನು ಮೊದಲು ಹಳೆಯ ಬೆಡ್‌ಶೀಟಿನಲ್ಲಿ ಕತ್ತರಿಸಿ, ಉದ್ದ ಹೊಲಿಗೆಯಲ್ಲಿ ಜೋಡಿಸಿ ಮಗಳಿಗೆ ತೊಡಿಸಿದೆ. ಅವಳು ಬೀರುವಿನ ಮೇಲ್ತುದಿ ಮುಟ್ಟಿದಾಗ ಅಂಗಿಯ ಕೆಳಅಂಚು ಸುಮಾರು ಒಂದು ಇಂಚಿನಷ್ಟೇ ಮೇಲೇರಿತು. ಮಂಚದ ಮೇಲೆ ಮಲಗಿದವರ ನಾಡಿ ನೋಡುವಂತೆ ಬಗ್ಗಿದಾಗ ಕುತ್ತಿಗೆ ತೆರೆದುಕೊಂಡಿತು. “ಅಮ್ಮ, ಬಗ್ಗಿದಾಗೆಲ್ಲ ಒಂದು ಕೈ ಕುತ್ತಿಗೆ ಹತ್ರನೇ ಇಟ್ಕೋಬೇಕಾಗುತ್ತೆ, ಇನ್ನೊಂದು ಕೈಯಲ್ಲಿ ಏನ್ ಮಾಡ್ಲಿ?” ಎಂದಳು.

ವಿ ಕುತ್ತಿಗೆಯನ್ನು ಸುಮ್ಮನೆ ಮೇಲೇರಿಸಿದರೆ ತಲೆ ಹೋಗುವುದಿಲ್ಲ, ಏಕೆಂದರೆ ಈ ಬಟ್ಟೆ ಹಿಗ್ಗುವುದಿಲ್ಲ. ಲೆಕ್ಕ ಹೀಗಿದೆ. ಕುತ್ತಿಗೆಯ ಅರ್ಧ ಅಗಲ 3 ಇಂಚು, ಮುಂದಿನ ಆಳ 6 ಇಂಚು ಇಟ್ಟರೆ ಓರೆಗೆರೆಗಳು ಒಂದೊಂದೂ ಆರೂ ಮುಕ್ಕಾಲು ಇಂಚಿನ ಹತ್ತಿರ, ಹಿಂದಿನ ಕುತ್ತಿಗೆ ಸುಮಾರು 7. ಒಟ್ಟು ಇಪ್ಪತ್ತೂವರೆ ಇಂಚು. ಮಗಳ ತಲೆಯ ಸುತ್ತಳತೆ 22. ಅರ್ಧ ಅಗಲ ಮೂರೂವರೆ, ಆಳ 7 ಮಾಡಿದರೆ ಒಟ್ಟು 23 ಇಂಚು ಸಿಗುತ್ತದೆ, ತಲೆ ಸಲೀಸಾಗಿ ಹೋಗುತ್ತದೆ. ಅಗಲವನ್ನು ನಾಲ್ಕಕ್ಕೆ ಏರಿಸಿ ಆಳವನ್ನು ಆರಕ್ಕೆ ಇಳಿಸಿದರೂ ತಲೆ ಹೋಗುತ್ತದಾದರೂ ಭುಜದ ಪಟ್ಟಿ ಜಾರುತ್ತದೆ. ಆದ್ದರಿಂದ ಮೂರೂವರೆ ಮತ್ತು ಏಳನ್ನೇ ಉಳಿಸಿಕೊಂಡು, ವಿ ಮೊನೆಯ ಹಿಂದೆ ಅದೇ ಬಟ್ಟೆಯ ಎರಡು ಇಂಚಿನ ತ್ರಿಕೋನ ತುಂಡನ್ನು ಒಳಗಿನಿಂದ, ಒಂದು ಬದಿಗೆ ಮಾತ್ರ ಹೊಲಿದೆ. ಇನ್ನೊಂದು ಬದಿ ಬಿಡಿಯಾಗಿರುವುದರಿಂದ ತಲೆ ಹೋಗುವಾಗ ದಾರಿ ಬಿಡುತ್ತದೆ, ಬಗ್ಗಿದಾಗ ಮುಚ್ಚಿಕೊಳ್ಳುತ್ತದೆ.

ಕುತ್ತಿಗೆಪಟ್ಟಿಗೆ ಅಂಟಿಸುವ ಕ್ಯಾನ್ವಾಸ್ ಹಾಕಲಿಲ್ಲ. ಬಿಸಿನೀರಿನ ಒಗೆತದಲ್ಲಿ ಅದರ ಅಂಟು ಬಿಟ್ಟು ಬಟ್ಟೆಯ ಮೇಲೆ ಗುಳ್ಳೆ ಏಳುತ್ತದೆ. ಬದಲಿಗೆ ಅದೇ ಟ್ವಿಲ್ಲಿನ ಪಟ್ಟಿ ಕೊಟ್ಟು, ಓರೆ ಅಂಚು ಎಳೆದುಕೊಳ್ಳದಂತೆ ಕತ್ತರಿಸಿದ ಕೂಡಲೇ ಅಂಚಿನ ಒಳಗೆ ಒಂದು ಸಾಲು ಹೊಲಿಗೆ ಹಾಕಿ ಭದ್ರಪಡಿಸಿದೆ.

ಪ್ಯಾಂಟಿಗೆ ನಮ್ಮ ಪೈಜಾಮದ ಕಟಿಂಗ್ ಸಾಲದು. ಪೈಜಾಮದಲ್ಲಿ ಹಿಂದೂ ಮುಂದೂ ಒಂದೇ ಆಕಾರವಿರುವುದರಿಂದ ಕುಕ್ಕರಗಾಲಲ್ಲಿ ಕೂತಾಗ ಹಿಂಭಾಗ ಕೆಳಕ್ಕೆ ಜಗ್ಗುತ್ತದೆ. ಸೀಟಿಗೆ 6 ಇಂಚು ಸಡಿಲ ಸೇರಿಸಿ 44 ಮಾಡಿಕೊಂಡು, ತೊಡೆಸಂದಿನ ಚಾಚನ್ನು ಮುಂದಿನ ಭಾಗಕ್ಕೆ ಸಡಿಲ ಸೇರಿಸದ ಸೀಟಿನ ಅಳತೆಯ ಹದಿನಾರನೇ ಒಂದರಷ್ಟು, ಅಂದರೆ ಎರಡೂಕಾಲು ಇಂಚಿಗಿಂತ ತುಸು ಹೆಚ್ಚು, ಹಿಂದಿನ ಭಾಗಕ್ಕೆ ಎಂಟನೇ ಒಂದರಷ್ಟು, ಅಂದರೆ ನಾಲ್ಕೂ ಮುಕ್ಕಾಲು ಇಂಚು ಕೊಟ್ಟೆ. ಹಿಂದಿನ ಸೊಂಟದ ಗೆರೆಯನ್ನು ನಡುಮಧ್ಯದಲ್ಲಿ ಒಂದೂವರೆ ಇಂಚು ಎತ್ತರಿಸಿದೆ. ಕಾಲಿನ ತುದಿ ನೆಲದಿಂದ ಒಂದೂವರೆ ಇಂಚು ಮೇಲೆ ನಿಲ್ಲುತ್ತದೆ. ಒದ್ದೆ ನೆಲಕ್ಕೆ ತಾಗಬಾರದು, ಮತ್ತು ಹೊರಕ್ಕೆ ಮಡಿಸಿದ ಕಫ್ ಇಟ್ಟರೆ ಕಸ ಕೂರುತ್ತದೆ.

58 ಇಂಚು ಪನ್ನಾದ, ಅಂದರೆ ಅಗಲದ, ಬಟ್ಟೆಯಲ್ಲಿ ಅಂಗಿಯ ಮುಂಭಾಗ ಮತ್ತು ಹಿಂಭಾಗಗಳು ಮಾರ್ಜಿನ್ ಸೇರಿ ಪಕ್ಕಪಕ್ಕದಲ್ಲೇ ಕೂರುತ್ತವೆ, ಉಳಿದ 12 ಇಂಚಿನ ಪಟ್ಟಿಯಲ್ಲಿ ಜೇಬು ಮತ್ತು ಕುತ್ತಿಗೆಪಟ್ಟಿ ಬರುತ್ತವೆ. ಪ್ಯಾಂಟಿನ ಹಿಂದಿನ ತುಂಡು ನೆಟ್ಟಗೆ, ಮುಂದಿನ ತುಂಡು ತಲೆಕೆಳಗಾಗಿ ಇಟ್ಟರೆ ಎರಡರ ಚಾಚುಗಳು ಎದುರುಬದುರಾಗದೆ ಪನ್ನಾದೊಳಗೆ ಹೊಂದುತ್ತವೆ. ಟ್ವಿಲ್ಲಿನ ಓರೆಗೆರೆ ತಲೆಕೆಳಗಾದರೂ ಅದೇ ದಿಕ್ಕಿನಲ್ಲಿ ಇರುವುದರಿಂದ ಇದಕ್ಕೆ ಅಡ್ಡಿಯಿಲ್ಲ. ಒಟ್ಟು ಎರಡೂವರೆ ಮೀಟರ್ ಸಾಕಾಯಿತು. 36 ಇಂಚು ಪನ್ನಾದಲ್ಲಾದರೆ ನಾಲ್ಕು ಮೀಟರ್ ಬೇಕಾಗುತ್ತದೆ, ಹಾಗಾಗಿ ಬೆಲೆ ಹೋಲಿಸುವಾಗ ಪನ್ನಾವನ್ನೂ ಕೇಳಬೇಕು.

ಹೊಲಿಗೆ ಕಾಲುಮಷಿನ್ನಿನಲ್ಲೇ ಆಯಿತು: 14 ನಂಬರಿನ ಸೂಜಿ, ಪಾಲಿಯೆಸ್ಟರ್ ದಾರ, ಇಂಚಿಗೆ ಹತ್ತು ಹೊಲಿಗೆ. ಬದಿಯ ಮತ್ತು ತೊಡೆಸಂದಿನ ಜೋಡಣೆಗಳಲ್ಲಿ ಒಂದು ಅಂಚಿನಿಂದ ಇನ್ನೊಂದನ್ನು ಸುತ್ತಿ ಮಡಿಸಿ, ಜೀನ್ಸ್ ಪ್ಯಾಂಟಿನಲ್ಲಿರುವಂತೆ ಎರಡು ಸಾಲು ಹಾಕಿದೆ. ಇದರಿಂದ ಓವರ್‌ಲಾಕ್ ಬೇಕಾಗಲಿಲ್ಲ. ಕೆಳಜೇಬಿನ ಮೂಲೆಗಳನ್ನು ಓರೆಯಾಗಿ ಕತ್ತರಿಸಿದ್ದರಿಂದ ಕೊಳೆ ಕೂರುವ ಸಂದು ಇಲ್ಲವಾಯಿತು. ಜೇಬಿನ ಬಾಯಿಯ ಎರಡೂ ತುದಿಗಳಲ್ಲಿ ಒಳಗಿನಿಂದ ಚಿಕ್ಕ ತುಂಡು ಬಟ್ಟೆಯಿಟ್ಟು ತ್ರಿಕೋನ ಹೊಲಿಗೆ ಹಾಕಿದ್ದೇನೆ. ಸ್ಕ್ರಬ್ಸ್ ಮೊದಲು ಹರಿಯುವುದು ಆ ಜಾಗದಲ್ಲೇ.

ಸೊಂಟಕ್ಕೆ ಹಿಂದೆ ಎಲಾಸ್ಟಿಕ್, ಮುಂದೆ ಲಾಡಿ. ಎಲಾಸ್ಟಿಕ್ ಬಿಸಿಗೂ ಬ್ಲೀಚಿಗೂ ಬಟ್ಟೆಗಿಂತ ಬೇಗ ಸೋಲುವುದರಿಂದ ಪಟ್ಟಿಯ ಒಳಮೈಯಲ್ಲಿ ಎರಡು ಬದಿಗೂ ಒಂದಿಂಚಿನ ಕಿಂಡಿ ಬಿಟ್ಟಿದ್ದೇನೆ. ಹೊಲಿಗೆ ಬಿಚ್ಚದೆ ಹೊಸದನ್ನು ತೂರಿಸಬಹುದು. ಲಾಡಿಯನ್ನು ಎಲಾಸ್ಟಿಕ್ಕಿನ ತುದಿಗಳಿಗೇ ಹೊಲಿದಿರುವುದರಿಂದ ಒಗೆತದಲ್ಲಿ ಹೊರಬರುವುದಿಲ್ಲ. ಲೋಹದ ಐಲೆಟ್ ಬದಲು ದಾರದ ಕಾಜಾ ಹಾಕಿದೆ, ಏಕೆಂದರೆ ಎಂಆರ್‌ಐ ಕೊಠಡಿಗೆ ಹೋಗಬೇಕಾದವರ ಮೈಮೇಲೆ ಲೋಹ ಇರಬಾರದು.

ಇದೇ ಪ್ಯಾಟರ್ನನ್ನು ಬೇರೆ ಅಳತೆಗೆ ಬದಲಾಯಿಸುವವರು ಎದೆಗೆ 6 ಇಂಚಿನ ಸಡಿಲವನ್ನೂ ಮೂರೂವರೆ ಇಂಚಿನ ಕ್ಯಾಪನ್ನೂ ಹಾಗೆಯೇ ಇಟ್ಟುಕೊಳ್ಳಬಹುದು. ಎದೆಸುತ್ತು ಎರಡು ಇಂಚು ಹೆಚ್ಚಾದಂತೆ ಆರ್ಮ್‌ಹೋಲ್ ಆಳಕ್ಕೆ ಕಾಲು ಇಂಚು, ಭುಜಕ್ಕೆ ಎರಡೂ ಬದಿ ಸೇರಿ ಅರ್ಧ ಇಂಚು ಸೇರಿಸಿದರೆ ಸಾಕು. ಕುತ್ತಿಗೆಯ ಅಳತೆಯನ್ನು ಮಾತ್ರ ಎದೆಯಿಂದ ಲೆಕ್ಕ ಹಾಕದೆ, ಪ್ರತಿ ಸಲವೂ ತೊಡುವವರ ತಲೆಗೆ ಟೇಪು ಸುತ್ತಿ ತೆಗೆದುಕೊಳ್ಳಬೇಕು. ಉದ್ದ ಕೂದಲಿನ ಗಂಟು ಕಟ್ಟುವವರಿಗೆ ಗಂಟಿನ ಮೇಲಿಂದಲೇ ಅಳೆಯಬೇಕು. ಕಾಟನ್ನಿನಲ್ಲಿ ಹೊಲಿಯುವುದಾದರೆ ಇಡೀ ಬಟ್ಟೆಯನ್ನು ಕತ್ತರಿ ಹಾಕುವ ಮೊದಲೇ ಬಿಸಿನೀರಿನಲ್ಲಿ ಒಗೆದು, ಒಣಗಿಸಿ, ಇಸ್ತ್ರಿ ಮಾಡಿಕೊಳ್ಳಬೇಕು, ಮತ್ತು ಎರಡೂವರೆಯ ಬದಲು ಎರಡೂ ಮುಕ್ಕಾಲು ಮೀಟರ್ ಕೊಳ್ಳಬೇಕು.